ಬೆಲೆಯ ಆದ್ಯತೆಯಿಂದ ಕಾಲದ ಹಕ್ಕಿನವರೆಗೆ: ಸರ್ಕಾರಿ ಖರೀದಿ ಮತ್ತು ಸಣ್ಣ ಉದ್ದಿಮೆ

ಪ್ರಸ್ತಾವನೆ

ಭಾರತದ ಕೈಗಾರಿಕಾ ಚರಿತ್ರೆಯಲ್ಲಿ ಸರ್ಕಾರವು ಸಾಮಾನ್ಯವಾಗಿ ಮೂರು ಪಾತ್ರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅದು ಪರವಾನಗಿ ನೀಡುತ್ತದೆ, ತೆರಿಗೆ ವಸೂಲು ಮಾಡುತ್ತದೆ, ಕೆಲವೆಡೆ ತಾನೇ ಕಾರ್ಖಾನೆಯನ್ನು ನಡೆಸುತ್ತದೆ. ಇವುಗಳಷ್ಟೇ ಮುಖ್ಯವಾದ ನಾಲ್ಕನೆಯ ಪಾತ್ರವೊಂದಿದೆ. ಅದು ಗಿರಾಕಿಯ ಪಾತ್ರ. ರೈಲ್ವೆ, ಸೇನೆ, ಲೋಕೋಪಯೋಗಿ ಇಲಾಖೆ, ಆಸ್ಪತ್ರೆ, ಶಾಲೆ, ವಿದ್ಯುತ್ ಮಂಡಳಿಗಳು ಕೊಳ್ಳುವ ಸರಕು ಅಪಾರ. ಈ ಗಿರಾಕಿಯ ಬಾಗಿಲಿಗೆ ಹತ್ತಿಪ್ಪತ್ತು ಕೆಲಸಗಾರರನ್ನು ಇಟ್ಟುಕೊಂಡ ಸಣ್ಣ ಉದ್ದಿಮೆದಾರ ಹೇಗೆ ತಲುಪಿದ, ತಲುಪಿದ ಮೇಲೆ ಅವನಿಗೆ ದೊರೆತದ್ದೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಸುಮಾರು ಒಂದು ಶತಮಾನದ ಈ ಇತಿಹಾಸದಲ್ಲಿ ಒಂದು ಸ್ಪಷ್ಟವಾದ ತಿರುವು ಕಂಡುಬರುತ್ತದೆ. ಸ್ವಾತಂತ್ರ್ಯಾನಂತರದ ಮೊದಲ ನಾಲ್ಕು ದಶಕಗಳಲ್ಲಿ ಸಣ್ಣ ಉದ್ದಿಮೆಗೆ ನೀಡಿದ ರಕ್ಷಣೆ ಬೆಲೆಯ ರೂಪದಲ್ಲಿತ್ತು. 1992ರಿಂದೀಚೆಗೆ ಅದು ಕಾಲದ ರೂಪವನ್ನು ತಾಳತೊಡಗಿತು. ಅಂದರೆ, ‘ಎಷ್ಟು ಬೆಲೆ ಸಿಗುತ್ತದೆ’ ಎಂಬ ಪ್ರಶ್ನೆಯ ಜೊತೆಗೆ ‘ಹಣ ಯಾವಾಗ ಕೈಸೇರುತ್ತದೆ’ ಎಂಬ ಪ್ರಶ್ನೆಯೂ ಶಾಸನದ ವಸ್ತುವಾಯಿತು. ಸಣ್ಣ ಉದ್ದಿಮೆಯ ಅಳಿವು ಉಳಿವು ಈ ಎರಡನೆಯ ಪ್ರಶ್ನೆಯನ್ನೇ ಹೆಚ್ಚಾಗಿ ಅವಲಂಬಿಸಿದೆ.

ವಸಾಹತು ಕಾಲದ ಖರೀದಿ ವ್ಯವಸ್ಥೆ

ಬ್ರಿಟಿಷ್ ಆಳ್ವಿಕೆಯಲ್ಲಿ ಭಾರತ ಸರ್ಕಾರಕ್ಕೆ ಬೇಕಾದ ಯಂತ್ರ, ಉಕ್ಕು, ಉಪಕರಣಗಳ ಬಹುಭಾಗ ಲಂಡನ್ನಿನ ಇಂಡಿಯಾ ಆಫೀಸಿಗೆ ಸೇರಿದ ಸಾಮಗ್ರಿ ವಿಭಾಗದ ಮೂಲಕ ಬರುತ್ತಿತ್ತು. ಇಲ್ಲಿನ ಇಲಾಖೆಗಳು ಬೇಡಿಕೆ ಪಟ್ಟಿಯನ್ನು ಕಳುಹಿಸುತ್ತಿದ್ದವು. ಟೆಂಡರು ಕರೆಯುವುದು, ಸರಕಿನ ತಪಾಸಣೆ, ಹಣ ಸಂದಾಯ ಎಲ್ಲವೂ ಲಂಡನ್ನಿನಲ್ಲಿಯೇ ನಡೆಯುತ್ತಿದ್ದವು. ಭಾರತದ ತಯಾರಕನ ಸರಕು ಗುಣದಲ್ಲಿ ಸರಿಸಮನಾಗಿದ್ದರೂ ಆ ಟೆಂಡರಿನ ಸುದ್ದಿಯೇ ಅವನಿಗೆ ಮುಟ್ಟುತ್ತಿರಲಿಲ್ಲ.

ಮೊದಲನೆಯ ಮಹಾಯುದ್ಧ ಈ ವ್ಯವಸ್ಥೆಯ ದೌರ್ಬಲ್ಯವನ್ನು ಬಯಲಿಗೆಳೆಯಿತು. ಹಡಗು ಸಂಚಾರ ಅಸ್ತವ್ಯಸ್ತಗೊಂಡಾಗ ಸ್ಥಳೀಯ ಖರೀದಿ ಅನಿವಾರ್ಯವಾಯಿತು. 1917ರಲ್ಲಿ ಇಂಡಿಯನ್ ಮ್ಯುನಿಷನ್ಸ್ ಬೋರ್ಡ್ ಸ್ಥಾಪನೆಯಾಯಿತು. ಸರ್ ಥಾಮಸ್ ಹಾಲೆಂಡ್ ಅವರ ಅಧ್ಯಕ್ಷತೆಯ ಇಂಡಿಯನ್ ಇಂಡಸ್ಟ್ರಿಯಲ್ ಕಮಿಷನ್ (1916–18) ಸಾಮಗ್ರಿ ಖರೀದಿಯನ್ನು ಭಾರತದಲ್ಲಿಯೇ ಸಂಘಟಿಸಬೇಕೆಂದು ಸೂಚಿಸಿತು. ಅದರ ಫಲವಾಗಿ 1922ರಲ್ಲಿ ಇಂಡಿಯನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್ ರೂಪುಗೊಂಡಿತು. 1931ರಿಂದ ಜಾರಿಗೆ ಬಂದ ‘ರೂಪಾಯಿ ಟೆಂಡರ್’ ನೀತಿಯು ಟೆಂಡರನ್ನು ಭಾರತದಲ್ಲಿ ಕರೆದು ರೂಪಾಯಿಯಲ್ಲಿ ಹಣ ಕೊಡುವ ಪದ್ಧತಿಯನ್ನು ಸಾಮಾನ್ಯಗೊಳಿಸಿತು. ಆದರೆ ಇದರ ಲಾಭ ಪಡೆಯುವಷ್ಟು ಸಾಮರ್ಥ್ಯವಿದ್ದವು ಮುಖ್ಯವಾಗಿ ದೊಡ್ಡ ಕಾರ್ಖಾನೆಗಳು. ಸಣ್ಣ ಉದ್ದಿಮೆ ಎಂಬ ಪ್ರತ್ಯೇಕ ವರ್ಗವನ್ನು ಖರೀದಿ ನಿಯಮಗಳು ಆಗಿನ್ನೂ ಗುರುತಿಸಿರಲಿಲ್ಲ.

ಮೈಸೂರು ಸಂಸ್ಥಾನದ ಹಾದಿ ಬೇರೆಯಾಗಿತ್ತು. 1911ರ ಮೈಸೂರು ಆರ್ಥಿಕ ಸಮ್ಮೇಳನ, 1913ರ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದ (1912–18) ಉದ್ಯಮಗಳು, 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇವೆಲ್ಲ ಸರ್ಕಾರವೇ ಉತ್ಪಾದಕನಾದ ಮಾದರಿಗೆ ಸೇರಿದವು. ಸರ್ಕಾರಿ ಕಾರ್ಖಾನೆಯ ಸುತ್ತ ಖಾಸಗಿ ಸಣ್ಣ ಘಟಕಗಳು ಬೆಳೆಯುವ ಮುಂದಿನ ಕಾಲದ ಬೆಂಗಳೂರಿನ ಸ್ವರೂಪಕ್ಕೆ ಇದು ಪೂರ್ವಪೀಠಿಕೆಯಾಯಿತು.

ಬೆಲೆಯ ಆದ್ಯತೆಯ ಯುಗ

ಸ್ವಾತಂತ್ರ್ಯಾನಂತರ ಫೋರ್ಡ್ ಫೌಂಡೇಷನ್ನಿನ ಅಂತಾರಾಷ್ಟ್ರೀಯ ತಜ್ಞರ ತಂಡ 1953–54ರಲ್ಲಿ ಭಾರತದ ಸಣ್ಣ ಕೈಗಾರಿಕೆಗಳನ್ನು ಅಧ್ಯಯನ ಮಾಡಿತು. 1954ರಲ್ಲಿ ಸಣ್ಣ ಕೈಗಾರಿಕೆಗಳ ಮಂಡಳಿಯೂ 1955ರಲ್ಲಿ ರಾಷ್ಟ್ರೀಯ ಸಣ್ಣ ಕೈಗಾರಿಕೆಗಳ ನಿಗಮವೂ ಸ್ಥಾಪನೆಗೊಂಡವು. ವಿದ್ಯುತ್ ಬಳಸಿದರೆ 50ಕ್ಕಿಂತ ಕಡಿಮೆ, ಬಳಸದಿದ್ದರೆ 100ಕ್ಕಿಂತ ಕಡಿಮೆ ಕೆಲಸಗಾರರಿದ್ದು, 5 ಲಕ್ಷ ರೂ. ಮೀರದ ಬಂಡವಾಳ ಹೂಡಿದ ಘಟಕವೇ ಆಗಿನ ವ್ಯಾಖ್ಯೆಯಂತೆ ಸಣ್ಣ ಕೈಗಾರಿಕೆ.

ನಿಗಮಕ್ಕೆ ವಹಿಸಿದ ಕಾರ್ಯಗಳಲ್ಲಿ ಸರ್ಕಾರಿ ಖರೀದಿಯಲ್ಲಿ ಸಣ್ಣ ಘಟಕಗಳಿಗೆ ಪಾಲು ದೊರಕಿಸಿಕೊಡುವುದೂ ಒಂದು. ನಿಗಮದ ಅಧಿಕಾರಿಗಳು ಘಟಕಕ್ಕೆ ಭೇಟಿ ನೀಡಿ ಯಂತ್ರ, ಕೆಲಸಗಾರರ ಕೌಶಲ, ಹಣಕಾಸಿನ ಸ್ಥಿತಿಗಳನ್ನು ನೋಡಿ ಯೋಗ್ಯತೆಯನ್ನು ನಿರ್ಧರಿಸುವ ಪದ್ಧತಿ ಕ್ರಮೇಣ ಏಕಗವಾಕ್ಷಿ ನೋಂದಣಿಯಾಗಿ ಬೆಳೆಯಿತು. ನೋಂದಾಯಿತ ಘಟಕಕ್ಕೆ ಟೆಂಡರು ನಮೂನೆ ಉಚಿತವಾಗಿ ದೊರೆಯುತ್ತಿತ್ತು. ಮುಂಗಡ ಠೇವಣಿಯಿಂದ ವಿನಾಯಿತಿಯೂ, ನಿಗದಿತ ಮಿತಿಯವರೆಗೆ ಭದ್ರತಾ ಠೇವಣಿಯಿಂದ ವಿನಾಯಿತಿಯೂ ಇದ್ದವು. ಎಲ್ಲಕ್ಕಿಂತ ಮಿಗಿಲಾದದ್ದು ದೊಡ್ಡ ಕೈಗಾರಿಕೆಯ ದರಕ್ಕಿಂತ ಶೇ. 15ರವರೆಗೆ ಹೆಚ್ಚಿದ್ದರೂ ಸಣ್ಣ ಘಟಕದ ದರವನ್ನು ಒಪ್ಪಬಹುದೆಂಬ ನಿಯಮ. ಇದರ ಜೊತೆಗೆ ಕೆಲವು ವಸ್ತುಗಳನ್ನು ಸಣ್ಣ ಘಟಕಗಳಿಂದಲೇ ಕೊಳ್ಳಬೇಕೆಂಬ ಮೀಸಲು ಪಟ್ಟಿಯೂ ಇತ್ತು. ಕಾಲಾನುಕ್ರಮದಲ್ಲಿ ಈ ಪಟ್ಟಿ 358 ವಸ್ತುಗಳಿಗೆ ನಿಂತಿತು.

ಈ ಖರೀದಿ ಮೀಸಲನ್ನು 1967ರಲ್ಲಿ 47 ವಸ್ತುಗಳೊಂದಿಗೆ ಆರಂಭವಾದ ಉತ್ಪಾದನಾ ಮೀಸಲಿನೊಂದಿಗೆ ಬೆರೆಸಬಾರದು. ಉತ್ಪಾದನಾ ಮೀಸಲು ದೊಡ್ಡವರು ಏನನ್ನು ತಯಾರಿಸಬಾರದು ಎಂಬುದಕ್ಕೆ ಸಂಬಂಧಿಸಿತ್ತು. ಖರೀದಿ ಮೀಸಲು ಸರ್ಕಾರ ಯಾರಿಂದ ಕೊಳ್ಳಬೇಕು ಎಂಬುದಕ್ಕೆ ಸಂಬಂಧಿಸಿದೆ. ಮೊದಲನೆಯದರ ಕೊನೆಯ 20 ವಸ್ತುಗಳು 2015ರಲ್ಲಿ ಪಟ್ಟಿಯಿಂದ ಹೊರಬಿದ್ದವು. ಎರಡನೆಯದು 2012ರ ನೀತಿಯಲ್ಲಿಯೂ ಮುಂದುವರಿಯಿತು.

ಬೆಂಗಳೂರಿನ ನಿದರ್ಶನ

ಸರ್ಕಾರವೆಂಬ ಗಿರಾಕಿಯ ಬಲ ಮತ್ತು ಅಪಾಯಗಳೆರಡೂ ಬೆಂಗಳೂರಿನಲ್ಲಿ ಒಟ್ಟಿಗೆ ಗೋಚರಿಸುತ್ತವೆ. 1940ರಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್ ಹೀಗೆ ಸಾಲಾಗಿ ಬೃಹತ್ ಉದ್ಯಮಗಳು ಈ ನಗರದಲ್ಲಿ ನೆಲೆಗೊಂಡವು. ಇವುಗಳಿಗೆ ಬೇಕಾದ ಬಿಡಿಭಾಗ, ಅಚ್ಚು, ತಿರುಗಣಿ ಕೆಲಸಗಳನ್ನು ಪೂರೈಸಲು ಸಣ್ಣ ಘಟಕಗಳು ಹುಟ್ಟಿಕೊಂಡವು. ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಕಲಿತ ಕುಶಲಿಗಳು ಒಂದೆರಡು ಲೇತ್ ಯಂತ್ರಗಳೊಂದಿಗೆ ಸ್ವಂತ ಶೆಡ್ ತೆರೆದು, ತಮ್ಮ ಹಳೆಯ ಕಾರ್ಖಾನೆಗೇ ಮಾಲು ಒದಗಿಸುವ ಕ್ರಮ ಇಲ್ಲಿ ಸಾಮಾನ್ಯವಾಯಿತು. ಎಚ್‌ಎಂಟಿ ತನ್ನ ಪೂರಕ ಘಟಕಗಳಿಗಾಗಿಯೇ ಪ್ರತ್ಯೇಕ ವಸಾಹತನ್ನು ರೂಪಿಸಿತು. 1949ರಲ್ಲಿ ಕಾಸಿಯಾ ಸಂಘಟನೆಯೂ 1960ರಲ್ಲಿ ರಾಜ್ಯದ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮವೂ ಅಸ್ತಿತ್ವಕ್ಕೆ ಬಂದವು. ರಾಜಾಜಿನಗರ, ಅನಂತರ ಪೀಣ್ಯ ಕೈಗಾರಿಕಾ ಪ್ರದೇಶಗಳು ಬೆಳೆದವು.

ಆದರೆ ಒಂದೇ ಗಿರಾಕಿಯನ್ನು ನಂಬಿದ ಘಟಕದ ಹಣೆಬರಹ ಆ ಗಿರಾಕಿಯ ಹಣೆಬರಹಕ್ಕೆ ಕಟ್ಟುಬಿದ್ದಿತ್ತು. ದೂರವಾಣಿ ಉಪಕರಣಗಳ ತಯಾರಿಕೆ 1980ರ ದಶಕದಿಂದ ಹಂತಹಂತವಾಗಿ ಖಾಸಗಿಯವರಿಗೆ ತೆರೆದುಕೊಂಡು, ತಂತ್ರಜ್ಞಾನವೂ ವಿದ್ಯುನ್ಮಾನದ ಕಡೆಗೆ ತಿರುಗಿದಾಗ, ಹಳೆಯ ಯಾಂತ್ರಿಕ ವಿನಿಮಯ ಕೇಂದ್ರಗಳ ಬಿಡಿಭಾಗ ಮಾಡುತ್ತಿದ್ದವರ ಕೌಶಲಕ್ಕೆ ಬೇಡಿಕೆ ಇಲ್ಲವಾಯಿತು. ಎಚ್‌ಎಂಟಿಯ ಕೈಗಡಿಯಾರ ವಿಭಾಗ 2016ರಲ್ಲಿ ಮುಚ್ಚಿತು.

ಇದೇ ಬಗೆಯ ಮತ್ತೊಂದು ನಿದರ್ಶನ ಹುಬ್ಬಳ್ಳಿಯ ಬೆಂಗೇರಿಯದು. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಭಾರತೀಯ ಮಾನಕ ಸಂಸ್ಥೆಯ ಪ್ರಮಾಣಪತ್ರ ಪಡೆದು ಖಾದಿಯ ರಾಷ್ಟ್ರಧ್ವಜಗಳನ್ನು ತಯಾರಿಸುತ್ತ ಬಂದಿದೆ. ಧ್ವಜವು ಕೈಯಿಂದ ನೂತು ನೇಯ್ದ ಬಟ್ಟೆಯದೇ ಆಗಿರಬೇಕೆಂಬ ಸರ್ಕಾರಿ ನಿಯಮವೇ ಈ ಸಂಘದ ಮಾರುಕಟ್ಟೆಯ ಬುನಾದಿಯಾಗಿತ್ತು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ತಯಾರಿಸಿದ ಹಾಗೂ ಪಾಲಿಯೆಸ್ಟರ್ ಧ್ವಜಗಳಿಗೂ ಅವಕಾಶ ದೊರೆತಾಗ ಆ ಬುನಾದಿ ಅಲುಗಾಡಿತು. 2022ರಲ್ಲಿ ಸಂಘ ಇದನ್ನು ಪ್ರತಿಭಟಿಸಿತು. ಸರ್ಕಾರದ ನಿಯಮದಿಂದ ಹುಟ್ಟಿದ ಮಾರುಕಟ್ಟೆ ನಿಯಮದ ಒಂದು ತಿದ್ದುಪಡಿಯಿಂದಲೇ ಕುಗ್ಗಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಬಾಕಿ ಬಿಲ್ಲಿನ ಪ್ರಶ್ನೆ

ಬೆಲೆಯಲ್ಲಿ ಶೇ. 15ರ ಆದ್ಯತೆ ದೊರೆತರೂ ಸಣ್ಣ ಘಟಕಗಳು ಏಕೆ ನಲುಗಿದವು? ಉತ್ತರವು ಬಿಲ್ಲಿನ ಪಯಣದಲ್ಲಿದೆ. ಸರಕು ಉಗ್ರಾಣ ಸೇರಿದ ಮೇಲೆ ತಪಾಸಣೆ, ಸ್ವೀಕೃತಿ, ಲೆಕ್ಕಪತ್ರ ಶಾಖೆಯ ಪರಿಶೀಲನೆ, ಅನುದಾನದ ಬಿಡುಗಡೆ ಇಷ್ಟು ಮೆಟ್ಟಿಲುಗಳನ್ನು ದಾಟಿ ಹಣ ಬರಬೇಕು. ಯಾವುದೇ ಒಂದು ಮೆಟ್ಟಿಲಲ್ಲಿ ಕಡತ ನಿಂತರೆ ಅದರ ವೆಚ್ಚವನ್ನು ಭರಿಸುವವನು ಮಾಲು ಕೊಟ್ಟವನು.

ಇದನ್ನು ಒಂದು ಕಲ್ಪಿತ ಲೆಕ್ಕದಿಂದ ವಿಶದಪಡಿಸಬಹುದು. 10 ಲಕ್ಷ ರೂ.ಗಳ ಆದೇಶದಲ್ಲಿ ಶೇ. 8ರಷ್ಟು, ಅಂದರೆ 80,000 ರೂ. ಲಾಭವಿದೆ ಎಂದಿಟ್ಟುಕೊಳ್ಳೋಣ. ಉಳಿದ 9,20,000 ರೂ.ಗಳನ್ನು ವಾರ್ಷಿಕ ಶೇ. 12ರ ಬಡ್ಡಿಗೆ ಸಾಲ ತಂದು ತೊಡಗಿಸಿದರೆ ತಿಂಗಳಿಗೆ 9,200 ರೂ. ಬಡ್ಡಿ ಬೀಳುತ್ತದೆ. ಮೂರು ತಿಂಗಳಲ್ಲಿ ಹಣ ಬಂದರೆ 27,600 ರೂ. ಹೋಗಿ ಅರ್ಧಕ್ಕಿಂತ ಹೆಚ್ಚು ಲಾಭ ಉಳಿಯುತ್ತದೆ. ಒಂಬತ್ತು ತಿಂಗಳಾದರೆ ಬಡ್ಡಿಯೇ 82,800 ರೂ. ಆಗಿ ಲಾಭ ಪೂರ್ಣವಾಗಿ ಕರಗುತ್ತದೆ. ಕಾಗದದ ಮೇಲೆ ಲಾಭದಾಯಕವಾದ ಆದೇಶ ಕಾಲದ ಹೊಡೆತಕ್ಕೆ ಸಿಕ್ಕಿ ನಷ್ಟವಾಗುವ ಬಗೆ ಇದು.

ಬ್ಯಾಂಕಿನ ಸಾಲನೀತಿಯೂ ಈ ವಿಳಂಬಕ್ಕೆ ಹೊಂದಿಕೊಂಡಿರಲಿಲ್ಲ. ಭಾರತೀಯ ರಿಸರ್ವ್ ಬ್ಯಾಂಕ್ ನೇಮಿಸಿದ ಪಿ. ಆರ್. ನಾಯಕ್ ಸಮಿತಿಯ 1992ರ ವರದಿಯಿಂದ ರೂಢಿಗೆ ಬಂದ ಸೂತ್ರದಂತೆ ಘಟಕದ ಅಂದಾಜು ವಾರ್ಷಿಕ ವಹಿವಾಟಿನ ಶೇ. 25ರಷ್ಟನ್ನು ದುಡಿಯುವ ಬಂಡವಾಳವೆಂದು ಪರಿಗಣಿಸಿ, ಶೇ. 20ನ್ನು ಬ್ಯಾಂಕು, ಶೇ. 5ನ್ನು ಉದ್ದಿಮೆದಾರ ಒದಗಿಸಬೇಕು. ವಹಿವಾಟಿನ ನಾಲ್ಕನೆಯ ಒಂದು ಭಾಗವೆಂದರೆ ಮೂರು ತಿಂಗಳ ಆವರ್ತ. ಕಚ್ಚಾ ಮಾಲು ಕೊಂಡ ದಿನದಿಂದ ಹಣ ಬರುವ ದಿನದವರೆಗೆ ಮೂರೇ ತಿಂಗಳು ಎಂಬ ಊಹೆಯ ಮೇಲೆ ಈ ಸೂತ್ರ ನಿಂತಿದೆ. ಬಿಲ್ಲು ಆರು ತಿಂಗಳು ಬಾಕಿ ಉಳಿದರೆ ಬ್ಯಾಂಕಿನ ಸಾಲಮಿತಿ ಮುಗಿದು, ಮುಂದಿನ ಆದೇಶಕ್ಕೆ ಮಾಲು ಕೊಳ್ಳಲು ಕೈಯಲ್ಲಿ ಹಣವಿರುವುದಿಲ್ಲ.

ಕಾಲದ ಹಕ್ಕಿನ ಶಾಸನಗಳು

1991ರ ಆಗಸ್ಟ್ 6ರಂದು ಪ್ರಕಟವಾದ ಸಣ್ಣ ಕೈಗಾರಿಕಾ ನೀತಿಯಲ್ಲಿ ಸಣ್ಣ ಘಟಕಗಳ ಬಿಲ್ಲುಗಳನ್ನು ಸಕಾಲದಲ್ಲಿ ಪಾವತಿಸಲು ಶಾಸನ ಮಾಡುವ ಭರವಸೆಯಿತ್ತು. 1992ರ ಸೆಪ್ಟೆಂಬರ್ 23ರಿಂದ ಜಾರಿಗೆ ಬಂದ ಸುಗ್ರೀವಾಜ್ಞೆಯ ಸ್ಥಾನದಲ್ಲಿ 1993ರಲ್ಲಿ ವಿಳಂಬ ಪಾವತಿಯ ಮೇಲಿನ ಬಡ್ಡಿ ಕಾಯ್ದೆ ರೂಪುಗೊಂಡಿತು. 1998ರ ತಿದ್ದುಪಡಿ ಪಾವತಿಯ ಅವಧಿಗೆ 120 ದಿನಗಳ ಗರಿಷ್ಠ ಮಿತಿಯನ್ನು ಹಾಕಿತು. ಈ ಕಾಯ್ದೆ 1992ರ ಸೆಪ್ಟೆಂಬರ್ 23ಕ್ಕಿಂತ ಹಿಂದಿನ ಗುತ್ತಿಗೆಗಳಿಗೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಅಸ್ಸಾಂ ವಿದ್ಯುತ್ ಮಂಡಳಿಗೆ ಸಂಬಂಧಿಸಿದ ಪ್ರಕರಣದಲ್ಲಿ ಹೇಳಿತು. ಶಾಸನ ಹುಟ್ಟಿ ಎರಡು ದಶಕಗಳಾದ ಮೇಲೂ ಹಳೆಯ ಬಾಕಿಗಳ ವ್ಯಾಜ್ಯ ಮುಗಿದಿರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

2006ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ ಈ ಹಕ್ಕನ್ನು ಬಲಪಡಿಸಿತು. ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ಸರಕು ತಲುಪಿದ 15 ದಿನಗಳೊಳಗೆ ಕೊಂಡವನು ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ ಸರಕು ತಲುಪಿದ ದಿನವೇ ಸ್ವೀಕೃತಿಯ ದಿನವೆಂದು ಪರಿಗಣಿತವಾಗುತ್ತದೆ. ‘ತಪಾಸಣೆ ಬಾಕಿಯಿದೆ’ ಎಂಬ ಮೌನ ವಿಳಂಬಕ್ಕೆ ಈ ಅವಕಾಶವೇ ತಡೆ. ಗಡುವು ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ಮಾಸಿಕ ಚಕ್ರಬಡ್ಡಿಯಾಗಿ ತೆರಬೇಕು. ವ್ಯಾಜ್ಯವನ್ನು ರಾಜ್ಯದ ಸೌಲಭ್ಯ ಮಂಡಳಿಯ ಮುಂದೆ ತರಬಹುದು. ಮಂಡಳಿಯ ಆದೇಶವನ್ನು ರದ್ದುಪಡಿಸುವಂತೆ ನ್ಯಾಯಾಲಯಕ್ಕೆ ಹೋಗುವ ಖರೀದಿದಾರ ಶೇ. 75ರಷ್ಟು ಹಣವನ್ನು ಮೊದಲು ಠೇವಣಿ ಇಡಬೇಕು.

ಈ ಹಕ್ಕಿಗೆ ಕೆಲವು ಮಿತಿಗಳಿವೆ. ಇದು ಸೂಕ್ಷ್ಮ ಮತ್ತು ಸಣ್ಣ ಪೂರೈಕೆದಾರರಿಗೆ ಮಾತ್ರ ಅನ್ವಯಿಸುತ್ತದೆ, ಮಧ್ಯಮ ಘಟಕಗಳಿಗಿಲ್ಲ. ಗುತ್ತಿಗೆಯ ದಿನಕ್ಕೆ ಮುಂಚಿತವಾಗಿ ನೋಂದಣಿ ಆಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯದ 2021 ಮತ್ತು 2022ರ ತೀರ್ಪುಗಳು ಹೇಳಿದವು. 2025ರಲ್ಲಿ ಅದೇ ನ್ಯಾಯಾಲಯದ ಪೀಠವೊಂದು ಈ ನಿಲುವನ್ನು ಪ್ರಶ್ನಿಸಿ ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು. ಕಾಯ್ದೆಯಂತೆ ತೆರಬೇಕಾದ ವಿಳಂಬ ಬಡ್ಡಿಯನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವೆಚ್ಚವೆಂದು ಕಳೆಯುವಂತಿಲ್ಲ. 2023ರ ಹಣಕಾಸು ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗಡುವು ಮೀರಿದ ಬಾಕಿಯನ್ನು ಪಾವತಿಸಿದ ವರ್ಷದಲ್ಲಿ ಮಾತ್ರ ವೆಚ್ಚವೆಂದು ತೋರಿಸಬಹುದೆಂದು ವಿಧಿಸಿತು. ಇವೆರಡೂ ಕಂಪನಿಗಳಿಗೆ ತಟ್ಟುತ್ತವೆ. ಆದಾಯ ತೆರಿಗೆಯನ್ನೇ ಕಟ್ಟದ ಸರ್ಕಾರಿ ಇಲಾಖೆಗೆ ಇವುಗಳ ಬಿಸಿ ಮುಟ್ಟುವುದಿಲ್ಲ. ಇನ್ನು ಮುಂದಿನ ಆದೇಶ ತಪ್ಪೀತೆಂಬ ಅಂಜಿಕೆಯಿಂದ ಗಿರಾಕಿಯ ವಿರುದ್ಧ ದೂರು ಕೊಡಲು ಹಿಂಜರಿಯುವ ಉದ್ದಿಮೆದಾರನಿಗೆ ಯಾವ ಶಾಸನವೂ ಪೂರ್ಣ ಆಸರೆಯಾಗಲಾರದು.

ಪಾರದರ್ಶಕತೆ ಮತ್ತು ಹೊಸ ವ್ಯವಸ್ಥೆಗಳು

ಇದೇ ಅವಧಿಯಲ್ಲಿ ಟೆಂಡರು ಪ್ರಕ್ರಿಯೆಯೂ ಶಾಸನದ ಚೌಕಟ್ಟಿಗೆ ಬಂದಿತು. ತಮಿಳುನಾಡಿನ 1998ರ ಕಾಯ್ದೆಯ ಬೆನ್ನಿಗೆ ರೂಪುಗೊಂಡ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999, 2000ದ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ವಿನಾಯಿತಿ ಪಡೆದ ಸಂದರ್ಭಗಳನ್ನು ಬಿಟ್ಟು ಎಲ್ಲ ಸಂಗ್ರಹಣೆಯೂ ಟೆಂಡರಿನ ಮೂಲಕವೇ ಆಗಬೇಕೆಂದು ಅದು ವಿಧಿಸಿತು. 2000ದ ಮೂಲ ನಿಯಮಗಳು 2 ಕೋಟಿ ರೂ.ವರೆಗಿನ ಟೆಂಡರಿಗೆ ಕನಿಷ್ಠ 30 ದಿನ, ಅದಕ್ಕೂ ಮಿಗಿಲಾದದ್ದಕ್ಕೆ 60 ದಿನಗಳ ಕಾಲಾವಕಾಶ ನೀಡಿದ್ದವು. ತಿರಸ್ಕೃತನಾದವನಿಗೆ ಮೇಲ್ಮನವಿಯ ಹಕ್ಕೂ ದೊರೆಯಿತು. 2017ರಿಂದ 50 ಲಕ್ಷ ರೂ.ವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದ ಗುತ್ತಿಗೆದಾರರಿಗೆ ಮೀಸಲು ಕಲ್ಪಿಸಲಾಯಿತು. 2023ರಲ್ಲಿ ಈ ಮಿತಿ 1 ಕೋಟಿ ರೂ.ಗೆ ಏರಿತು.

ಕೇಂದ್ರದಲ್ಲಿ 2012ರ ಸಾರ್ವಜನಿಕ ಖರೀದಿ ನೀತಿ ಆದೇಶವು ಸಚಿವಾಲಯಗಳು ಮತ್ತು ಕೇಂದ್ರ ಉದ್ಯಮಗಳು ವಾರ್ಷಿಕ ಖರೀದಿಯ ಶೇ. 20ನ್ನು ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಂದ ಮಾಡಬೇಕೆಂದು ಹೇಳಿತು. 2015ರಿಂದ ಇದು ಕಡ್ಡಾಯವಾಯಿತು. 2018ರ ತಿದ್ದುಪಡಿಯಲ್ಲಿ ಪ್ರಮಾಣ ಶೇ. 25ಕ್ಕೆ ಏರಿತು, ಅದರೊಳಗೆ ಪರಿಶಿಷ್ಟರಿಗೆ ಶೇ. 4, ಮಹಿಳೆಯರಿಗೆ ಶೇ. 3 ಗೊತ್ತುಪಡಿಸಲಾಯಿತು. ಇಲ್ಲಿ ಶೇ. 15 ಎಂಬ ಹಳೆಯ ಅಂಕಿ ಹೊಸ ಅರ್ಥದಲ್ಲಿ ಮರಳಿ ಬಂದಿರುವುದು ಗಮನಾರ್ಹ. ಕನಿಷ್ಠ ದರಕ್ಕಿಂತ ಶೇ. 15ರೊಳಗೆ ಹೆಚ್ಚು ನಮೂದಿಸಿದ ಸಣ್ಣ ಘಟಕಕ್ಕೆ ಆದೇಶದ ಒಂದು ಭಾಗ ದೊರೆಯುತ್ತದೆ. ಆದರೆ ಅದು ತನ್ನ ದರವನ್ನು ಕನಿಷ್ಠ ದರಕ್ಕೆ ಇಳಿಸಲು ಒಪ್ಪಬೇಕು. ಹಳೆಯ ನಿಯಮ ಹೆಚ್ಚಿನ ಬೆಲೆಯನ್ನೇ ಕೊಡುತ್ತಿತ್ತು. ಹೊಸದು ಅವಕಾಶವನ್ನು ಮಾತ್ರ ಕೊಡುತ್ತದೆ. ಬೆಲೆಯ ಆದ್ಯತೆಯ ಯುಗ ಮುಗಿದುದರ ನಿಚ್ಚಳ ಗುರುತು ಇದು.

2016ರ ಆಗಸ್ಟಿನಲ್ಲಿ ಸರ್ಕಾರಿ ಇ-ಮಾರುಕಟ್ಟೆ ಆರಂಭವಾಯಿತು. ಹಿಂದಿನ ಕೇಂದ್ರ ಖರೀದಿ ಸಂಸ್ಥೆಯಾದ ಪೂರೈಕೆ ಮತ್ತು ವಿಲೇವಾರಿ ಮಹಾನಿರ್ದೇಶನಾಲಯ 2017ರಲ್ಲಿ ಮುಚ್ಚಿತು. ಅದೇ ವರ್ಷ ಬಾಕಿ ಬಿಲ್ಲುಗಳ ದೂರು ಸಲ್ಲಿಸಲು ‘ಸಮಾಧಾನ್’ ಜಾಲತಾಣವೂ, ಬಿಲ್ಲನ್ನು ಹಣಕಾಸು ಸಂಸ್ಥೆಗಳಿಗೆ ವಟಾಯಿಸಿ ಮುಂಚಿತವಾಗಿ ಹಣ ಪಡೆಯುವ ‘ಟ್ರೆಡ್ಸ್’ ವೇದಿಕೆಯೂ ಕಾರ್ಯಾರಂಭ ಮಾಡಿದವು. ಆದರೆ ಅದೇ 2017ರ ಜುಲೈ 1ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆ ಹೊಸ ಒತ್ತಡವನ್ನೂ ತಂದಿತು. ಸರಕಿನ ಬಿಲ್ಲು ಬರೆದ ಮೇಲೆ ಹಣ ಬರಲಿ ಬಾರದಿರಲಿ ತೆರಿಗೆ ಕಟ್ಟಬೇಕು. 2018ರ ಅಕ್ಟೋಬರಿನಿಂದ 2.5 ಲಕ್ಷ ರೂ. ಮೀರಿದ ಗುತ್ತಿಗೆಗಳಲ್ಲಿ ಸರ್ಕಾರಿ ಇಲಾಖೆಗಳು ಶೇ. 2ರಷ್ಟನ್ನು ಮೂಲದಲ್ಲೇ ಮುರಿದುಕೊಳ್ಳತೊಡಗಿದವು.

ಸಮಾರೋಪ

ಈ ಚರಿತ್ರೆಯಿಂದ ಸಣ್ಣ ಉದ್ದಿಮೆಯ ಯೋಜನೆಗೆ ಸಂಬಂಧಿಸಿದ ಕೆಲವು ನಿಲುವುಗಳು ಹೊರಡುತ್ತವೆ. ಮೊದಲನೆಯದು, ಟೆಂಡರಿಗೆ ಬರೆಯುವ ದರದಲ್ಲಿ ಕಚ್ಚಾ ಮಾಲು, ಕೂಲಿ, ಸಾಗಣೆಗಳಂತೆ ವಿಳಂಬದ ಬಡ್ಡಿಯೂ ಒಂದು ವೆಚ್ಚ. ಮುಂಗಡ ಠೇವಣಿ, ಭದ್ರತಾ ಠೇವಣಿ, ಬ್ಯಾಂಕ್ ಗ್ಯಾರಂಟಿಗಳಲ್ಲಿ ಸಿಲುಕುವ ಹಣವೂ ಅದೇ ಲೆಕ್ಕಕ್ಕೆ ಸೇರಬೇಕು. ಎರಡನೆಯದು, ನೋಂದಣಿಯು ಗುತ್ತಿಗೆಗೆ ಮುಂಚಿನ ಕೆಲಸ. ವ್ಯಾಜ್ಯ ಹುಟ್ಟಿದ ಮೇಲೆ ಮಾಡಿಸಿದ ನೋಂದಣಿಯನ್ನು ನಂಬಿ ನಿಲ್ಲುವುದು ಅಪಾಯಕರ. ಮೂರನೆಯದು, ಸರಕು ತಲುಪಿದ ದಿನಾಂಕಕ್ಕೆ ಸಹಿ ಮತ್ತು ಮೊಹರಿನ ದಾಖಲೆಯಿರಬೇಕು. 2006ರ ಕಾಯ್ದೆಯ ಎಲ್ಲ ಗಡುವುಗಳೂ ಆ ಒಂದು ದಿನಾಂಕದಿಂದಲೇ ಎಣಿಕೆಯಾಗುತ್ತವೆ. ನಾಲ್ಕನೆಯದು, ಖರೀದಿದಾರ ಯಾರೆಂಬ ವಿವೇಚನೆ. 2012ರ ಖರೀದಿ ಪಾಲಿನ ನೀತಿ ಕೇಂದ್ರದ ಸಚಿವಾಲಯ ಮತ್ತು ಉದ್ಯಮಗಳಿಗೆ ಮಾತ್ರ ಅನ್ವಯಿಸುತ್ತದೆ, ರಾಜ್ಯದ ಇಲಾಖೆಗಳಿಗಲ್ಲ. ವಿಳಂಬ ಪಾವತಿಯ ಬಡ್ಡಿಯಾದರೋ ಎಲ್ಲರಿಗೂ ಅನ್ವಯಿಸುತ್ತದೆ. ಕೊನೆಯದಾಗಿ, ಜಾಲಹಳ್ಳಿ ಮತ್ತು ಬೆಂಗೇರಿಗಳ ಅನುಭವ ತೋರುವಂತೆ, ಒಬ್ಬನೇ ಗಿರಾಕಿಯ ಮೇಲಿನ ಅವಲಂಬನೆಗೆ ಶಾಸನದಲ್ಲಿ ಪರಿಹಾರವಿಲ್ಲ.

1922ರಲ್ಲಿ ಖರೀದಿಯ ಕಚೇರಿ ಭಾರತಕ್ಕೆ ಬಂದಿತು. 1955ರ ಅನಂತರ ಅದರ ಬಾಗಿಲು ಸಣ್ಣವರಿಗೆ ತೆರೆಯಿತು. 2000ದ ಅನಂತರ ಒಳಗಿನ ವ್ಯವಹಾರ ಹೊರಗಿನವರಿಗೂ ಕಾಣುವಂತಾಯಿತು. ಆದರೆ ಸರಕು ಕೊಟ್ಟವನಿಗೆ ಗೊತ್ತಾದ ದಿನ ಹಣ ತಲುಪಿಸುವ ಕಾರ್ಯ ಕಾಯ್ದೆಯ ಪುಟಗಳಲ್ಲಿ ಎಷ್ಟು ಸ್ಪಷ್ಟವಾಗಿದೆಯೋ ಆಚರಣೆಯಲ್ಲಿ ಅಷ್ಟು ನಿಶ್ಚಿತವಾಗಿಲ್ಲ. ದೊಡ್ಡ ಘಟಕಕ್ಕೆ ಆರು ತಿಂಗಳ ವಿಳಂಬವು ಬಡ್ಡಿಯ ಒಂದು ಬಾಬತ್ತು. ಸಣ್ಣ ಘಟಕಕ್ಕೆ ಅದು ಶನಿವಾರದ ಬಟವಾಡೆಯ ಪ್ರಶ್ನೆ. ಸಾರ್ವಜನಿಕ ಖರೀದಿಯ ಇತಿಹಾಸವನ್ನು ಟೆಂಡರು ಪಡೆದವರ ಸಂಖ್ಯೆಯಿಂದ ಅಳೆಯುವುದರ ಜೊತೆಗೆ ಬಿಲ್ಲಿನ ದಿನಾಂಕಕ್ಕೂ ಹಣ ಸಂದಾಯದ ದಿನಾಂಕಕ್ಕೂ ನಡುವಣ ಅಂತರದಿಂದಲೂ ಅಳೆಯಬೇಕಾಗಿದೆ. ರಾಜ್ಯದ ಇಲಾಖೆಗಳ ಮತ್ತು ಸೌಲಭ್ಯ ಮಂಡಳಿಯ ಕಡತಗಳನ್ನು ಆಧರಿಸಿ ಈ ದಿಕ್ಕಿನಲ್ಲಿ ನಡೆಯುವ ಸಂಶೋಧನೆಯು ಕರ್ನಾಟಕದ ಕೈಗಾರಿಕಾ ಚರಿತ್ರೆಗೆ ಬೆಲೆಯುಳ್ಳ ಅಧ್ಯಾಯವನ್ನು ಸೇರಿಸಬಲ್ಲದು.